ಸಹಾಯ ಬೇಕು: ಎಸ್ಟ್ರಾಡಾ ಅವರಿಗೆ ಸಿಕ್ಕಿದ ಕ್ಷಮಾದಾನ ಷರತ್ತಿನದೇ?

ಎಲ್ಲರಿಗೂ ನಮಸ್ಕಾರ. ಫಿಲಿಪೀನ್ಸ್‌ನ ಚಿತ್ರನಟ ಜೋಸೆಫ್ ಎಸ್ಟ್ರಾಡಾ ಅವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ತೆರೆಯ ಮೇಲೆ ಬಡವರ ಪರ ನಿಲ್ಲುವ ನಾಯಕನಾಗಿ ಹೆಸರಾದ ಅವರು 1969ರಲ್ಲಿ ಸಾನ್ ಹುವಾನ್ ಪಟ್ಟಣದ ಮೇಯರ್ ಆಗಿ, 1998ರಲ್ಲಿ ರಾಷ್ಟ್ರಾಧ್ಯಕ್ಷರಾದರು. 2001ರಲ್ಲಿ ಅಧಿಕಾರ ಕಳೆದುಕೊಂಡು, 2013ರಲ್ಲಿ ಮನಿಲಾದ ಮೇಯರ್ ಆಗಿ ಮತ್ತೆ ಸ್ಥಳೀಯ ಆಡಳಿತಕ್ಕೇ ಮರಳಿದರು. ಇಂಥ ಮರಳುವಿಕೆ ಅಪರೂಪವೆಂದೇ ನನಗೆ ಈ ಘಟ್ಟ ಮುಖ್ಯ.

ನಾನು ಸಿಕ್ಕಿಬಿದ್ದಿರುವುದೂ ಇಲ್ಲಿಯೇ. ಸಾರ್ವಜನಿಕ ಹಣದ ಲೂಟಿಯ ಅಪರಾಧಕ್ಕಾಗಿ 2007ರ ಸೆಪ್ಟೆಂಬರ್‌ನಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಮರುತಿಂಗಳೇ ಅಧ್ಯಕ್ಷೆ ಅರೊಯೊ ಕ್ಷಮಾದಾನ ನೀಡಿದರು. ಆ ಆದೇಶದ ಪೀಠಿಕೆಯಲ್ಲಿ, ಇನ್ನು ಚುನಾಯಿತ ಹುದ್ದೆಗೆ ಸ್ಪರ್ಧಿಸುವುದಿಲ್ಲವೆಂದು ಎಸ್ಟ್ರಾಡಾ ಬಹಿರಂಗವಾಗಿ ಮಾತು ಕೊಟ್ಟಿದ್ದಾರೆ ಎಂದಿದೆ. ಆದರೆ ಪೀಠಿಕೆಯ ನಂತರ ಬರುವ, ಕ್ಷಮಾದಾನವನ್ನು ನಿಜವಾಗಿ ಆಜ್ಞಾಪಿಸುವ ಭಾಗದಲ್ಲಿ ಅವರ ನಾಗರಿಕ ಹಾಗೂ ರಾಜಕೀಯ ಹಕ್ಕುಗಳನ್ನು ಮರಳಿಸಲಾಗಿದೆ ಎಂದಿದೆ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಸ್ಪರ್ಧೆಯನ್ನು ಎತ್ತಿಹಿಡಿಯಿತು. ತೀರ್ಪನ್ನು ಭಿನ್ನಮತದ ಸಮೇತ ಓದಿದೆ, ಪರಿಚಿತ ವಕೀಲರನ್ನೂ ಕೇಳಿದೆ, ಗೊಂದಲ ಬಗೆಹರಿಯಲಿಲ್ಲ.

ಕಾನೂನು ಬಲ್ಲವರು ದಯವಿಟ್ಟು ತಿಳಿಸಿ: ಪೀಠಿಕೆಯಲ್ಲಿ ದಾಖಲಾದ ಮಾತು ಯಾವಾಗ ಷರತ್ತಾಗುತ್ತದೆ, ಯಾವಾಗ ಆಗುವುದಿಲ್ಲ? ಲೇಖನದಲ್ಲಿ ಇದನ್ನು ‘ಷರತ್ತಿಲ್ಲದ ಕ್ಷಮಾದಾನ’ ಎಂದು ಬರೆಯಬಹುದೇ?