ಪದ ಬೇಕಿದೆ: ಕೊರಿಯನ್ ಲಿಪಿಯ 'ವಾನ್‌ಸಾಂಗ್' ಮತ್ತು 'ಜೋಹಾಪ್'

ಎಲ್ಲರಿಗೂ ನಮಸ್ಕಾರ,

ಕಂಪ್ಯೂಟರಿಗೆ ಕೊರಿಯನ್ ಲಿಪಿ ಬಂದ ಬಗೆ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. ಎರಡು ಪದ ಕಾಡುತ್ತಿವೆ.

ಹಂಗುಲ್ ಲಿಪಿಯಲ್ಲಿ ಹ್, ಅ, ನ್ ಮೂರನ್ನೂ ಒಂದೇ ಚೌಕದೊಳಗೆ ಕೂಡಿಸಿ 'ಹನ್' ಎಂದು ಬರೆಯುತ್ತಾರೆ. 1987ರ ದಕ್ಷಿಣ ಕೊರಿಯಾದ ಕೆಎಸ್ ಸಿ 5601 ಶಿಷ್ಟತೆ ಇಂಥ 2,350 ಚೌಕಗಳನ್ನು ಆರಿಸಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿತು. ಇದು ವಾನ್‌ಸಾಂಗ್. ಜೋಹಾಪ್ ಪದ್ಧತಿಯಲ್ಲಿ ಮೊದಲ ವ್ಯಂಜನ, ಸ್ವರ, ಕೊನೆಯ ವ್ಯಂಜನಕ್ಕೆ ಐದೈದು ಬಿಟ್ (ಕಂಪ್ಯೂಟರಿನ 0 ಅಥವಾ 1). ಈಗಿನ ಕೊರಿಯನ್ನಿನ 11,172 ಚೌಕಗಳೂ ಅದರಲ್ಲಿ ಮೂಡುತ್ತವೆ. ಜೋಹಾಪ್‌ಗೆ 'ಸಂಯುಕ್ತಾಕ್ಷರ ಪದ್ಧತಿ' ಅನ್ನಬಹುದೇ? ವಾನ್‌ಸಾಂಗ್‌ಗೆ ಏನನ್ನಬೇಕು?

———

> ಸಂಯುಕ್ತಾಕ್ಷರ ಪದ್ಧತಿ

ಬೇಡ. ಆ ಹೆಸರು 'ಕ್ಷ', 'ಸ್ತ್ರೀ' ಥರದವಕ್ಕೆ. 'ಹನ್'ನಲ್ಲಿ ಒತ್ತೇ ಇಲ್ಲ. ಗುಣಿತಾಕ್ಷರವೂ ಅಲ್ಲ, ಕೊನೆಯ ನ್ ಹೊರಗೆ ಉಳಿಯುತ್ತದೆ.

ವಾನ್‌ಸಾಂಗ್‌ಗೆ 'ಅಣಿಯಕ್ಷರ', ಜೋಹಾಪ್‌ಗೆ 'ಕೂಡಿಕೆ' ಅನ್ನಿ. ಅಣಿ, ಕೂಡು ಎರಡೂ ನಮ್ಮವೇ ಬೇರುಗಳು. ಅವು ಕೈಯಲ್ಲಿರುವಾಗ ಸಂಸ್ಕೃತದ ಬಾಗಿಲು ತಟ್ಟುವುದು ಯಾಕೆ?

———

'ಕೂಡಿಕೆ' ಪರವಾಗಿಲ್ಲ. 'ಅಣಿಯಕ್ಷರ'ವನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅದರಲ್ಲಿರುವ 'ಅಕ್ಷರ'ವೂ ಸಂಸ್ಕೃತವೇ ಅಲ್ವಾ?

'ಸಿದ್ಧ ಉಡುಪು' ಎಂಬ ಬೋರ್ಡು ಎಲ್ಲರೂ ಓದಿದ್ದಾರೆ. ವಾನ್‌ಸಾಂಗ್ ಅಂಥದ್ದೇ. ಹೊಲಿದಿಟ್ಟದ್ದರಲ್ಲಿ ನಿಮ್ಮ ಅಳತೆ ಇಲ್ಲದಿದ್ದರೆ ಇಲ್ಲ. 'ತ್ತೋಮ್' ಎಂಬ ಚೌಕ ಆ 2,350ರಲ್ಲಿ ಇರಲಿಲ್ಲ. ಅದರ ಮೂರೂ ಬಿಡಿ ಅಕ್ಷರ ಕೀಲಿಮಣೆಯಲ್ಲಿದ್ದವು. ಆದರೂ ಬರೆಯಲು ದಾರಿ ಇರಲಿಲ್ಲ. ಈ ಕೊರತೆ ಹೆಸರಿನಲ್ಲೇ ಕಾಣಬೇಕು. ಹಾಗಾಗಿ 'ಸಿದ್ಧಾಕ್ಷರ'.

ಜೋಹಾಪ್‌ಗೆ 'ಜೋಡಣೆ'. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ ಇರುವುದೂ ಹೆಚ್ಚುಕಡಿಮೆ ಹೀಗೇ. 'ಸ್ತ್ರೀ' ಬರೆದರೆ ಒಳಗೆ ಆರು ಸಂಖ್ಯೆ ಕೂತಿರುತ್ತವೆ.

ಇನ್ನೊಂದು ಮಾತು. ಕೊರಿಯನ್ನರ 'ವಾನ್‌ಸಾಂಗ್', 'ಜೋಹಾಪ್' ಎರಡೂ ಚೀನೀ ಮೂಲದ ಪದಗಳು. ತಮ್ಮ ಲಿಪಿಗೆಂದೇ ಒಂದು ಹಬ್ಬದ ದಿನ ಇಟ್ಟುಕೊಂಡವರು ಅವರು.

———

> ಎರಡೂ ಚೀನೀ ಮೂಲದ ಪದಗಳು

ಅದು ಅವರ ಲೆಕ್ಕ. ಸಾಲ ಒಂದು ಪದಕ್ಕೆ ನಿಲ್ಲುವುದಿಲ್ಲ. ಇವತ್ತು 'ಸಿದ್ಧ' ಬಿಟ್ಟುಕೊಂಡರೆ ನಾಳೆ 'ಪೂರ್ವಸಂಯೋಜಿತ' ಬರುತ್ತದೆ. ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಇದನ್ನೇ ಕಂಡಿದ್ದೇವೆ. ಮಕ್ಕಳು ಪದವನ್ನು ಉರು ಹೊಡೆದರು, ವಿಷಯ ತಿಳಿಯಲಿಲ್ಲ.

———

'ಪೂರ್ವಸಂಯೋಜಿತ' ನನಗೂ ಬೇಡ. ಅದಕ್ಕೆ ಮದ್ದು ಜನರ ಬಾಯಲ್ಲಿರುವ ಪದ. ಅದರ ಬೇರು ಎಲ್ಲಿಯದಾದರೇನು?

———

ಇಬ್ಬರಿಗೂ ಧನ್ಯವಾದ. 'ಸಿದ್ಧಾಕ್ಷರ', 'ಜೋಡಣೆ' ಹಾಕಿದ್ದೇನೆ. 1996ರ ಯೂನಿಕೋಡ್ 2.0 ಅಷ್ಟೂ 11,172 ಚೌಕಗಳಿಗೆ ಸಂಖ್ಯೆ ಕೊಟ್ಟಿತು, ಬಿಡಿ ಅಕ್ಷರಗಳನ್ನೂ ಇಟ್ಟುಕೊಂಡಿತು. ಅಲ್ಲಿ ಎರಡು ಪದವೂ ಬೇಕಾದವು. 'ಚೌಕ'ಕ್ಕೆ ಇನ್ನೂ ಒಳ್ಳೆಯ ಪದ ಇದ್ದರೆ ಬೆಳಿಗ್ಗೆ ಹತ್ತರೊಳಗೆ ತಿಳಿಸಿ.