11ರ ಮಗಳಿಗೆ ‘ಕ್ಯಾಚಿಂಗ್ ಫೈರ್’ ತೋರಿಸಬಹುದಾ?

ಪುತ್ತೂರು ಟು ನ್ಯೂಜೆರ್ಸಿ: ಎಲ್ಲರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ಶನಿವಾರ ಮಗಳ ಗೆಳತಿಯ ಹುಟ್ಟುಹಬ್ಬ. ರಾತ್ರಿ ಅಲ್ಲೇ ಸ್ಲೀಪ್‌ಓವರ್. ಆರು ಹುಡುಗಿಯರು ಸೇರಿ ‘ಹಂಗರ್ ಗೇಮ್ಸ್’ ಎರಡನೇ ಭಾಗ ‘ಕ್ಯಾಚಿಂಗ್ ಫೈರ್’ ನೋಡುತ್ತಾರಂತೆ. ಇವಳಿಗೆ 11. ಮೊದಲ ಭಾಗವನ್ನು ನಮಗೆ ಹೇಳದೆ ಯಾರದೋ ಮನೆಯಲ್ಲಿ ನೋಡಿಬಿಟ್ಟಿದ್ದಾಳೆ. ಆಮೇಲೆ ನಾಲ್ಕು ರಾತ್ರಿ ದಿಂಬು ಹಿಡಿದು ಬಂದು ನಮ್ಮ ಮಧ್ಯೆ ಮಲಗಿದಳು. ಈಗ ಬೇಡ ಎಂದರೆ ‘ನನ್ನನ್ನೊಬ್ಬಳನ್ನೇ ಬೇಬಿ ಅಂತಾರೆ’ ಎಂದು ಅಳು. ಇದು ಮೊದಲನೆಯದಕ್ಕಿಂತ ಭಯಂಕರವಾ? ನೋಡಿದವರು ಹೇಳಿ, ಪ್ಲೀಸ್.

ಡಲ್ಲಾಸ್ ದೋಸೆ: ಕಳಿಸಿ ಅಕ್ಕ, ಏನೂ ಆಗಲ್ಲ. ನನ್ನ ಮಗ 8ಕ್ಕೇ ನೋಡಿದ್ದ. ಈ ವರ್ಷ ಸ್ಪೆಲ್ಲಿಂಗ್ ಬೀಯಲ್ಲಿ ಸ್ಕೂಲಿಗೇ ಫಸ್ಟ್.

ಶಿವಮೊಗ್ಗದ ಸಿನಿಮಾ ಹುಚ್ಚ: ಮೂರು ಸಲ ನೋಡಿದ್ದೇನೆ ಮೇಡಂ, ಒಂದು ಸಲ ಮಗಳ ಜೊತೆ. 2013ರದ್ದು, 146 ನಿಮಿಷ, ಪಿಜಿ-13 (13ರ ಒಳಗಿನವರ ವಿಷಯದಲ್ಲಿ ಹೆತ್ತವರಿಗೆ ಎಚ್ಚರಿಕೆ). ಸರ್ಕಾರ ಪ್ರತಿ ವರ್ಷ ಜಿಲ್ಲೆಗಳಿಂದ ಚೀಟಿ ಎತ್ತಿ ಮಕ್ಕಳನ್ನು ತಂದು, ಒಬ್ಬರು ಉಳಿಯುವವರೆಗೆ ಕಾದಾಡಿಸುವ ಆಟದ ಕತೆ ಇದು. ಮೊದಲ ಭಾಗದಲ್ಲಿ ಮಕ್ಕಳೇ ಮಕ್ಕಳನ್ನು ಕೊಲ್ಲುತ್ತಾರೆ. ಇಲ್ಲಿ 75ನೇ ಆಟಕ್ಕೆ ಹಿಂದೆ ಗೆದ್ದವರನ್ನೇ ಮತ್ತೆ ಎಳೆದು ತರುತ್ತಾರೆ, ಹೆಚ್ಚಿನವರು ದೊಡ್ಡವರು. ಆ ಲೆಕ್ಕದಲ್ಲಿ ವಾಸಿ.

ಆದರೆ ಕರುಳು ಹಿಂಡುವ ಜಾಗಗಳು ಬೇರೆ ಇವೆ. ಶುರುವಿನಲ್ಲೇ 11ನೇ ಜಿಲ್ಲೆಯ ಸಭೆ. ಒಬ್ಬ ಮುದುಕ ಸಿಳ್ಳೆ ಹಾಕಿ, ಸರ್ಕಾರಕ್ಕೆ ಪ್ರತಿಭಟನೆಯ ಸನ್ನೆಯಾಗಿ ಮೂರು ಬೆರಳು ಎತ್ತುತ್ತಾನೆ. ಅವನನ್ನು ಎಳೆದು ತಂದು ಮೆಟ್ಟಿಲ ಮೇಲೆ ಮಂಡಿಯೂರಿಸುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತಿರುವಾಗಲೇ ಗುಂಡಿನ ಸದ್ದು. ಆಮೇಲೆ ನಾಯಕಿ ಕ್ಯಾಟ್ನಿಸ್‌ಳ ಗೆಳೆಯ ಗೇಲ್‌ಗೆ ನಡುಬೀದಿಯಲ್ಲಿ ಚಾಟಿ ಏಟು. ಆಟದ ಕಾಡಿನಲ್ಲಿ ಮ್ಯಾಗ್ಸ್ ಎಂಬ ಅಜ್ಜಿ, ತನ್ನನ್ನು ಹೊತ್ತು ಓಡುವವರಿಗೆ ಭಾರವಾಗಬಾರದೆಂದು ವಿಷದ ಮಂಜಿನೊಳಗೆ ತಾನೇ ನಡೆದು ಹೋಗುತ್ತಾಳೆ. ಒಂದೂ ಮಾತಿಲ್ಲ. ನನ್ನ ಮಗಳು ಅತ್ತಿದ್ದು ಅಲ್ಲಿ. ನಿದ್ದೆ ಕೆಡಿಸುವುದು ಮಾತ್ರ ಹಕ್ಕಿಗಳ ಸೀನ್. ಅವು ಕ್ಯಾಟ್ನಿಸ್‌ಳ ತಂಗಿಯ ದನಿಯಲ್ಲೇ ಕಿರುಚುತ್ತವೆ. ಲಿಫ್ಟ್‌ನಲ್ಲಿ ಒಬ್ಬಳು ಬಟ್ಟೆ ಬಿಚ್ಚುವ ತಮಾಷೆ ಇದೆ, ಬೆನ್ನು ಬಿಟ್ಟು ಏನೂ ಕಾಣಲ್ಲ. ಆಗ ನೀರು ಕುಡಿಯೋಕೆ ಎದ್ದು ಹೋಗಿ.

ಸಿನಿಮಾ ಅಂತ ನೋಡಿದರೆ ಮೊದಲನೆಯದಕ್ಕಿಂತ ಮೇಲು. ಅಲ್ಲಾಡುವ ಕ್ಯಾಮೆರಾ ಇಲ್ಲ. ಫ್ರಾನ್ಸಿಸ್ ಲಾರೆನ್ಸ್ ನಿರ್ದೇಶನಕ್ಕೆ ಬಂದ ಮೇಲೆ ಯಾರು ಯಾರನ್ನು ಹೊಡೆದರು ಅಂತಾದರೂ ಗೊತ್ತಾಗುತ್ತದೆ. ಕಾಡು ಗಡಿಯಾರದ ಹಾಗೆ 12 ಭಾಗ, ಗಂಟೆಗೊಂದು ಕಾಟ. ಒಂದೇ ದೂರು: ಊಟದ ಮಧ್ಯೆ ಎಲೆ ಎತ್ತಿದ ಹಾಗೆ ಮುಗಿಯುತ್ತದೆ.

ಒಂಟಿಕೊಪ್ಪಲ್ ಹಿರಿಯ: 31 ವರ್ಷದಿಂದ ಇಲ್ಲಿದ್ದೇನೆ, ಕೇಳಮ್ಮಾ. ಸಮಸ್ಯೆ ಸಿನಿಮಾದ್ದಲ್ಲ, ಸ್ಲೀಪ್‌ಓವರ್‌ದು. ಹೆಣ್ಣುಮಕ್ಕಳು ಅವರವರ ಮನೆಯಲ್ಲಿ ಮಲಗಬೇಕು. ಇನ್ನು ಕತೆ. ಮನೆಗೊಂದು ಆಳು ಸರದಿ ಮೇಲೆ ಸಾಯೋಕೆ ಹೋಗೋದು ನಮ್ಮ ಬಕಾಸುರನ ಕತೆಯೇ ಅಲ್ವಾ? ಏಕಚಕ್ರನಗರದಲ್ಲಿ ಎಲ್ಲ ಇದೆ. ಅದನ್ನು ಹೇಳದೆ ಟಿವಿ ಮುಂದೆ ಕೂರಿಸಿ ಆಮೇಲೆ ಗುಂಪಿನಲ್ಲಿ ಬಂದು ಕೇಳ್ತೀರಿ. ಮೊದಲು ಕನ್ನಡ ಕಲಿಸಿ.

ಧಾರವಾಡ ಪೇಡಾ: ಸರ್, ಬಕಾಸುರನ ಕತೆಯಲ್ಲಿ ಭೀಮ ಹೋದ, ಬಂಡಿ ಅನ್ನ ಉಂಡ, ಗೆದ್ದ. ಊರು ಉಳೀತು, ಕತೆ ಮುಗೀತು. ಇಲ್ಲಿ ಗೆದ್ದವರಿಗೇ ಬಿಡುಗಡೆ ಇಲ್ಲ, ಅದೇ ಇದರ ವಿಶೇಷ ನೋಡ್ರಿ. ಮೊದಲ ಸೀನಿನಲ್ಲೇ ಕ್ಯಾಟ್ನಿಸ್ ಟರ್ಕಿ ಕೋಳಿಗೆ ಬಾಣ ಬಿಟ್ಟರೆ ಆ ಜಾಗದಲ್ಲಿ ತಾನು ಕೊಂದ ಹುಡುಗ ಕಾಣುತ್ತಾನೆ. ಭೀಮನಿಗೆ ರಾತ್ರಿ ಕೆಟ್ಟ ಕನಸು ಬಿತ್ತು ಅಂತ ಎಲ್ಲಿದೆ?

ಒಂಟಿಕೊಪ್ಪಲ್ ಹಿರಿಯ: ಭೀಮನಿಗೆ ಕೆಟ್ಟ ಕನಸು ಬೀಳಲ್ಲ, ಯಾಕಂದ್ರೆ ಕುಂತಿ ಸರಿಯಾಗಿ ಬೆಳೆಸಿದ್ದಳು.

ಡಲ್ಲಾಸ್ ದೋಸೆ: 😂😂 ಅಂಕಲ್ ರಾಕ್ಸ್

ಲೀಡ್ಸ್ ಕನ್ನಡತಿ: ಯುಕೆಯಲ್ಲಿ ಇದು 12ಎ. ಥಿಯೇಟರಿಗೆ 12ರ ಒಳಗಿನವರು ಬಂದರೆ ಜೊತೆಗೆ ದೊಡ್ಡವರು ಇರಲೇಬೇಕು. ಮೊದಲ ಭಾಗಕ್ಕೆ ಅದೇ ಸರ್ಟಿಫಿಕೇಟ್ ಕೊಡುವುದಕ್ಕೆ 7 ಸೆಕೆಂಡು ಕತ್ತರಿಸಿದ್ದರು. ಅಮೆರಿಕದ ಪಿಜಿ-13 ಬರೀ ಎಚ್ಚರಿಕೆ, ತಡೆ ಅಲ್ಲ. ಆ ಮನೆಯ ಅಮ್ಮನಿಗೆ ಒಂದು ಫೋನ್ ಮಾಡಿ ಅಕ್ಕ. ಅವರು ಜೊತೆಗೆ ಕೂತು ನೋಡುತ್ತಾರಾ, ಇಲ್ಲಾ ಬೇಸ್‌ಮೆಂಟಿಗೆ ಕಳಿಸಿ ಮಲಗುತ್ತಾರಾ ಕೇಳಿ.

ಒಂಟಿಕೊಪ್ಪಲ್ ಹಿರಿಯ: ಫೋನ್ ಮಾಡಿ ಏನು ಪ್ರಯೋಜನ? ನಾನು 1998ರಲ್ಲಿ ವಾಪಸ್ ಹೋಗೋದಿತ್ತು. ಸರಸ್ವತಿಪುರಂನಲ್ಲಿ ಸೈಟೂ ಇತ್ತು. ಆಗ ಹೋಗಿದ್ದರೆ ಮೊಮ್ಮಕ್ಕಳು ನನ್ನ ಜೊತೆ ಕನ್ನಡದಲ್ಲಿ ಮಾತಾಡ್ತಿದ್ದರು.

ಹಾಸನದ ಹುಡುಗ: ವಾಪಸ್ ಹೋದವರ ಮಕ್ಕಳೂ ಬೆಂಗಳೂರಲ್ಲಿ ಇದೇ ನೋಡ್ತಾರೆ ಅಂಕಲ್. ನಮ್ಮಕ್ಕನ ಮಗಳ ಗೋಡೆ ಮೇಲೆ ಇದರದ್ದೇ ಪೋಸ್ಟರ್.

ತುಮಕೂರಿನ ಅಮ್ಮ: ಇದು ಬಿಡುಗಡೆ ಆದಾಗ ನನ್ನ ಮಗನಿಗೆ 12. ಕರ್ಕೊಂಡು ಹೋಗಮ್ಮಾ ಅಂತ ಎರಡು ವಾರ ಹಿಂದೆ ಬಿದ್ದಿದ್ದ. ನನಗೆ ರಾತ್ರಿ ಪಾಳಿ. ಮುಂದಿನ ವಾರ, ಮುಂದಿನ ವಾರ ಅಂತ ಥಿಯೇಟರಿಂದ ಸಿನಿಮಾನೇ ಹೋಯ್ತು. ಈಗ ಬೇರೆ ಊರಲ್ಲಿದ್ದಾನೆ, ತಿಂಗಳಿಗೊಂದು ಫೋನ್. ಏನು ನೋಡ್ತಾನೋ ಗೊತ್ತಿಲ್ಲ.

ಬ್ಯಾಂಕಾಕ್ ಬಸವ: 2014ರಲ್ಲಿ ಇಲ್ಲಿ ಸೇನೆ ಅಧಿಕಾರ ಹಿಡಿದಾಗ ಜನ ಎತ್ತಿದ್ದು ಇದೇ ಮೂರು ಬೆರಳು. ಸುಮ್ನೆ ಕೈ ಎತ್ತಿದ್ದಕ್ಕೆ ಹುಡುಗರನ್ನು ಹಿಡಿದುಕೊಂಡು ಹೋದರು. ಮಕ್ಕಳ ಸಿನಿಮಾ ಅಂತ ಪಕ್ಕಕ್ಕೆ ತಳ್ಳಬೇಡಿ.

ಪುತ್ತೂರು ಟು ನ್ಯೂಜೆರ್ಸಿ: ಎಲ್ಲರಿಗೂ ಥ್ಯಾಂಕ್ಸ್. ಸರ್, ನಾಲ್ಕು ವರ್ಷದಿಂದ ಭಾನುವಾರದ ಕನ್ನಡ ಕ್ಲಾಸಿಗೆ ಹೋಗ್ತಾಳೆ. ಬಕಾಸುರನ ನಾಟಕದಲ್ಲಿ ಎತ್ತಿನ ಪಾತ್ರ ಮಾಡಿದ್ದಳು. ಲೀಡ್ಸ್ ಅಕ್ಕ, ಫೋನ್ ಮಾಡಿದೆ. ಅವರೂ ಸಿನಿಮಾ ನೋಡಿಲ್ಲವಂತೆ! ಶುಕ್ರವಾರ ಮನೆಯಲ್ಲಿ ನಾವಿಬ್ಬರೇ ಮೊದಲು ನೋಡೋಣ ಅಂತ ಮಗಳಿಗೆ ಅಂದೆ, ಒಪ್ಪಿದಳು. ಶಿವಮೊಗ್ಗದವರೇ, ಆ ಹಕ್ಕಿ ಸೀನ್ ಎಲ್ಲಿ ಬರುತ್ತದೆ?

ಶಿವಮೊಗ್ಗದ ಸಿನಿಮಾ ಹುಚ್ಚ: ಮೊದಲು ಮಂಜು, ಆಮೇಲೆ ಕೋತಿಗಳು. ಸಮುದ್ರದ ದಡಕ್ಕೆ ಬಂದು, ಇದು ಗಡಿಯಾರ ಅಂತ ಗೊತ್ತಾಗಿ, ನಡುವಿನ ದ್ವೀಪದಲ್ಲಿ ಒಂದು ಹೊಡೆದಾಟ. ಅದು ಮುಗಿದ ಕೂಡಲೇ ರಿಮೋಟ್ ಕೈಯಲ್ಲಿರಲಿ.

ಒಂಟಿಕೊಪ್ಪಲ್ ಹಿರಿಯ: ಸ್ಲೀಪ್‌ಓವರ್ ಬಗ್ಗೆ ನಾನು ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.