ಕೆರೆ ಹೂಳೆತ್ತಲು ಸಿಎಸ್‌ಆರ್ ನೆರವು: ಯಾವ ಪುರಾವೆ ಕೇಳ್ತಾರೆ?

ನಾಗಮಂಗಲ ಸೀಮೆ: ನಮ್ಮೂರ ಕೆರೆ ಹೂಳೆತ್ತಿಸೋಕೆ ಕಂಪನಿಯೊಂದರ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಗೆ ಕಂಪನಿ ಖರ್ಚು ಮಾಡೋ) ಹಣಕ್ಕೆ ಸಂಘದಿಂದ ಅರ್ಜಿ ಹಾಕ್ತಿದ್ದೀವಿ. ಪಂಚಾಯ್ತಿ ನಿರ್ಣಯ, ಫೋಟೊ, ಜೆಸಿಬಿ ಕೊಟೇಶನ್ ಇದೆ. ತೆಗೆದ ಹೂಳಿಗೆ ಟ್ರ್ಯಾಕ್ಟರ್ ಲೋಡ್ ಲೆಕ್ಕ ಕೊಟ್ಟರೆ ಒಪ್ತಾರಾ?

ಏರಿಮೇಲೆ: ಲೋಡ್ ಲೆಕ್ಕ ಒಂದನ್ನೇ ನೆಚ್ಚಿಕೊಳ್ಳಬೇಡಿ ಸಾರ್. ಅಗೆದ ಮಣ್ಣು ನೂರಕ್ಕೆ 20–30ರಷ್ಟು ಉಬ್ಬುತ್ತೆ. ಟ್ರಾಲಿಗೆ 3 ಘನ ಮೀಟರ್ ಹಿಡಿದರೂ ಕೆರೆಯಲ್ಲಿ ಆಗೋ ಗುಂಡಿ ಸುಮಾರು 2.4 ಅಷ್ಟೇ. ಎಲ್ಲ ಟ್ರಾಲಿನೂ ಒಂದೇ ಸಮ ತುಂಬಲ್ಲ ಬೇರೆ.

ಗುಂಡಿ ಅಳೆಸಿ. ಕೆರೆ ಒಣಗಿದ್ದಾಗ ಕೋಡಿ ಕಲ್ಲಿನ ಮೇಲೆ ಬಣ್ಣದಲ್ಲಿ ಬೆಂಚ್ ಮಾರ್ಕ್ (ಎತ್ತರ ಅಳೆಯೋಕೆ ಬದಲಾಗದ ಗುರುತು) ಹಾಕಿ, 20 ಮೀಟರಿಗೊಂದು ಅಡ್ಡ ಸಾಲು, ಸಾಲಿನಲ್ಲಿ 5 ಮೀಟರಿಗೊಂದು ಲೆವೆಲ್, ಅಂದ್ರೆ ನೆಲದ ಮಟ್ಟದ ಅಳತೆ. ಕೆಲಸ ಮುಗಿದ ಮೇಲೆ ಅದೇ ಸಾಲು, ಅದೇ ಗುರುತು. ಒಂದು ಸಾಲಲ್ಲಿ ತೆಗೆದ ಕ್ರಾಸ್ ಸೆಕ್ಷನ್ (ಅಡ್ಡ ಸೀಳಿನ ವಿಸ್ತೀರ್ಣ) 24 ಚದರ ಮೀಟರ್, ಮುಂದಿನದರಲ್ಲಿ 30 ಅಂತಿಟ್ಟುಕೊಳ್ಳಿ. ಸರಾಸರಿ 27, ಇಂಟು 20, 540 ಘನ ಮೀಟರ್. ಅಂದ್ರೆ 5.4 ಲಕ್ಷ ಲೀಟರ್ ಜಾಗ. ಮೊದಲ ಅಳತೆ ಇಲ್ಲದೆ ಜೆಸಿಬಿ ಇಳಿಸಿದಿರೋ, ಆಮೇಲೆ ತಲೆಕೆಳಗಾಗಿ ನಿಂತರೂ ಸಾಬೀತು ಮಾಡೋಕಾಗಲ್ಲ. ಕೊನೆ ಅಳತೆ ಮಳೆಗೆ ಮುಂಚೆ ಆಗಲೇಬೇಕು.

ಲೆಕ್ಕಪತ್ರ: ಕಾಗದದ ಕಡೆಗೂ ಗಮನ ಇರಲಿ. 2021ರ ಏಪ್ರಿಲ್ 1ರಿಂದ ಈ ಹಣದಲ್ಲಿ ಕೆಲಸ ಮಾಡಿಸೋ ಸಂಸ್ಥೆಗೆ ಸಿಎಸ್‌ಆರ್-1 (ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ನಮೂನೆ) ನೋಂದಣಿ ಕಡ್ಡಾಯ. ಹೊರಗಿನ ಟ್ರಸ್ಟ್, ಸೊಸೈಟಿ ಆದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಜೊತೆಗೆ ಅಂಥದೇ ಕೆಲಸದಲ್ಲಿ 3 ವರ್ಷದ ಅನುಭವ. ನಿಮ್ಮ ಸಂಘಕ್ಕೆ ಇವಿಲ್ಲದಿದ್ದರೆ ಇರುವ ಟ್ರಸ್ಟ್ ಮೂಲಕ ಹೋಗಿ. ಅಚ್ಚುಕಟ್ಟು (ಕೆರೆ ನೀರು ಹರಿಯೋ ಜಮೀನು) 40 ಹೆಕ್ಟೇರ್ ದಾಟಿದ್ದರೆ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆದು, ಬರೀ ಪಂಚಾಯ್ತಿ ನಿರ್ಣಯ ಸಾಲದು. ಜೆಸಿಬಿಯ ಅವರ್ ಮೀಟರ್ ರೀಡಿಂಗ್ ಬೆಳಿಗ್ಗೆ ಸಂಜೆ ಬರೆದು ಡ್ರೈವರ್ ಸಹಿ ಹಾಕಿಸಿ. ಬಾಡಿಗೆ ಬ್ಯಾಂಕ್ ಖಾತೆಗೇ ಹೋಗಲಿ.

ತೂಬು: ಒಂದು ಮಾತು ಸೇರಿಸ್ತೀನಿ. ತೂಬಿನ (ಏರಿಯಲ್ಲಿ ಗದ್ದೆಗೆ ನೀರು ಬಿಡೋ ಕಿಂಡಿ) ಮಟ್ಟಕ್ಕಿಂತ ಕೆಳಗೆ ತೆಗೆದ ಜಾಗದ ನೀರು ಗದ್ದೆಗೆ ಹರಿಯಲ್ಲ, ದನಕರುಗೆ, ಅಂತರ್ಜಲಕ್ಕೆ ಅಷ್ಟೇ. ಅದನ್ನೂ ಅಚ್ಚುಕಟ್ಟಿನ ಲಾಭಕ್ಕೆ ಸೇರಿಸಿದರೆ, ಎಂಜಿನಿಯರ್ ತೂಬು ನೋಡಿದ ಕೂಡಲೇ ಉಳಿದ ಅಂಕಿನೂ ನಂಬಲ್ಲ. ಮೇಲಿನದು ಬೇರೆ, ಕೆಳಗಿನದು ಬೇರೆ ಅಂತ ನೀವೇ ಬರೆದುಕೊಡಿ. ಲೋಡ್ ಪುಸ್ತಕ ಬಿಸಾಕಬೇಡಿ. ಗೋಡು (ಕೆರೆ ಹೂಳು) ಹೊಲಕ್ಕೆ ಹೊಡೆಸಿಕೊಂಡ ರೈತರ ಸರ್ವೆ ನಂಬರ್, ಲೋಡು, ಸಹಿ ಇರಲಿ. ಲೋಡಿಗೆ ಗುಂಡಿ 2.4ರಂತೆ 540 ಘನ ಮೀಟರಿಗೆ ಸುಮಾರು 225 ಲೋಡು ಬರಬೇಕು. 300 ಅಂತಿದ್ದರೆ ಕಂಪನಿಯವರು ಕೇಳೋ ಮೊದಲು ನೀವೇ ಕಾರಣ ಹುಡುಕಿ.

ನಾಗಮಂಗಲ ಸೀಮೆ: ಲೆವೆಲ್ ಹಿಡಿಯೋಕೆ ನಮ್ಮ ಸರ್ವೆಯರ್ ಸಾಕಾ?

ಏರಿಮೇಲೆ: ಸಾಕು. ಆದರೆ ಮೊದಲ ದಿನವೇ ಕಂಪನಿಯ ಒಬ್ಬರನ್ನ ಏರಿಗೆ ಕರೆಸಿ, ಲೆವೆಲ್ ಪುಸ್ತಕದ ಪ್ರತಿ ಪುಟಕ್ಕೂ ಅವರ ಸಹಿ ತಗೊಳ್ಳಿ.